ಕರೆಂಟ್ ಮಾಡುವ ಊರಿಗೂ ಜನರೇಟರ್ ಬೇಕು: ಕಾಯುತ್ತಾ ಕೂತ ಡೀಸೆಲ್ ಇಂಜಿನ್ನಿನ ಕಥೆ

ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಹೋದರೆ ತೋಟದ ಮೋಟರ್ ನಿಲ್ಲುತ್ತದೆ. ಎರಡು ದಿನ ಬರದಿದ್ದರೆ ಸಸಿಗಳು ಬಾಡುತ್ತವೆ, ವಾರ ಬರದಿದ್ದರೆ ಹರಳು ಉದುರುತ್ತವೆ. ಬೈದುಕೊಂಡು ಕಾಯುತ್ತೇವೆ. ಫಲ ಕೊಡುವ ತೆಂಗು ಒಂದು ವಾರಕ್ಕೆ ಸಾಯುವುದಿಲ್ಲ.

ಆದರೆ ಕರೆಂಟ್ ಹೋದರೆ ಕಾಯಲು ಆಗದ ಜಾಗಗಳಿವೆ. ಆಪರೇಷನ್ ನಡೆಯುತ್ತಿರುವ ಆಸ್ಪತ್ರೆ ಒಂದು. ಇನ್ನೊಂದನ್ನು ಕೇಳಿದರೆ ನಿಮಗೆ ನಗು ಬರಬಹುದು. ಅದು ಕರೆಂಟನ್ನೇ ತಯಾರಿಸುವ ಅಣು ವಿದ್ಯುತ್ ಸ್ಥಾವರ.

ನಮ್ಮ ರಾಜ್ಯದಲ್ಲಿ ಅಂಥದ್ದು ಒಂದೇ ಇದೆ, ಕೈಗಾ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನ ಕಾಡಿನ ನಡುವೆ, ಕಾಳಿ ನದಿಯ ದಂಡೆಯಲ್ಲಿ, ಕದ್ರಾ ಅಣೆಕಟ್ಟೆಯ ಹಿನ್ನೀರಿನ ಪಕ್ಕದಲ್ಲಿದೆ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು, ಒಟ್ಟು 880 ಮೆಗಾವಾಟ್. ಆ ಕರೆಂಟ್ ದಕ್ಷಿಣ ಭಾರತದ ಗ್ರಿಡ್ಡಿಗೆ ಸೇರುತ್ತದೆ. ನಮ್ಮ ಕೆ.ಬಿ. ಕ್ರಾಸಿನ ಸ್ಟೇಷನ್ನಿಗೆ ಬರುವ ಕರೆಂಟಿನಲ್ಲಿ ಕೈಗಾದ್ದು ಎಷ್ಟು, ಶರಾವತಿಯದ್ದು ಎಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ. ಕೆರೆಗೆ ಬಿದ್ದ ಮಳೆ ನೀರಲ್ಲಿ ಯಾವ ಹಳ್ಳದ್ದು ಎಷ್ಟು ಅಂತ ಹೇಳಲಾಗದ ಹಾಗೆ. ಕೈಗಾ ನಮಗೆ ದೂರವಾದರೂ ನಮ್ಮ ಮನೆಯ ಸ್ವಿಚ್ಚಿಗೆ ದೂರವಲ್ಲ.

ಈ ಬರಹ ಅಂಥ ಸ್ಥಾವರಗಳ ಹಿತ್ತಲಲ್ಲಿ ಕೂತಿರುವ ಡೀಸೆಲ್ ಇಂಜಿನ್ನುಗಳ ಬಗ್ಗೆ. ವರ್ಷವಿಡೀ ಕೆಲಸವಿಲ್ಲದ, ಆದರೆ ಕೆಲಸ ಬಂದ ದಿನ ಒಂದು ನಿಮಿಷವೂ ತಡಮಾಡಬಾರದ ಇಂಜಿನ್ನುಗಳು ಅವು. ಅವುಗಳ ಒಂದು ಬಿಡಿಭಾಗ ತಯಾರಾಗುವಾಗಲೇ ಕೆಟ್ಟಿದ್ದರೆ ಏನಾಗುತ್ತದೆ, ಅದು ಯಾರಿಗೆ ಮೊದಲು ಗೊತ್ತಾಗುತ್ತದೆ, ಗೊತ್ತಾದವರು ಏನು ಮಾಡಬೇಕು ಎಂಬುದೇ ಇಲ್ಲಿನ ವಿಷಯ.

ಒಲೆ ಆರಿಸಿದರೂ ಆರದ ಕೆಂಡ

ಮೊದಲು ಒಂದು ಮಾತು ಅರ್ಥವಾಗಬೇಕು. ಕಲ್ಲಿದ್ದಲಿನ ಸ್ಥಾವರದಲ್ಲಿ ಬೆಂಕಿ ಆರಿಸಿದರೆ ಕಥೆ ಮುಗಿಯಿತು. ಅಣು ಸ್ಥಾವರದಲ್ಲಿ ಹಾಗಲ್ಲ. ರಿಯಾಕ್ಟರ್ ನಿಲ್ಲಿಸಿದ ಮೇಲೂ ಅದರೊಳಗಿನ ಯುರೇನಿಯಂ ಇಂಧನ ಬಿಸಿ ಉಗುಳುತ್ತಲೇ ಇರುತ್ತದೆ. ಕೊಬ್ಬರಿ ಚಿಪ್ಪಿನ ಬೆಂಕಿ ಆರಿಸಿದ ಮೇಲೂ ಕೆಂಡ ಬೂದಿಯೊಳಗೆ ರಾತ್ರಿಯಿಡೀ ಇರುತ್ತದಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಈ ಕೆಂಡಕ್ಕೆ ನೀರು ಎರಚಿ ಆರಿಸಲು ಆಗುವುದಿಲ್ಲ. ಅದು ತಾನಾಗಿಯೇ ನಿಧಾನಕ್ಕೆ ತಣಿಯಬೇಕು. ಅಲ್ಲಿಯವರೆಗೆ ನೀರು ಹರಿಸುತ್ತಲೇ ಇರಬೇಕು.

ಲೆಕ್ಕ ಹೀಗಿದೆ. 220 ಮೆಗಾವಾಟ್ ಕರೆಂಟ್ ಕೊಡುವ ಒಂದು ಘಟಕ ಸುಮಾರು 750 ಮೆಗಾವಾಟಿನಷ್ಟು ಶಾಖ ಹುಟ್ಟಿಸುತ್ತದೆ. ನಿಲ್ಲಿಸಿದ ಗಳಿಗೆಯಲ್ಲೇ ಅದರ ನೂರಕ್ಕೆ ಆರು ಪಾಲಿನಷ್ಟು ಶಾಖ ಉಳಿದಿರುತ್ತದೆ, ಅಂದರೆ ಸುಮಾರು 45 ಮೆಗಾವಾಟ್. ಒಂದು ದಿನ ಕಳೆದ ಮೇಲೆ ಅದು ನೂರಕ್ಕೆ ಅರ್ಧ ಪಾಲಿನ ಆಸುಪಾಸಿಗೆ ಇಳಿಯುತ್ತದೆ, ಅಂದರೆ 4 ಮೆಗಾವಾಟಿನ ಹತ್ತಿರ. ಕಡಿಮೆ ಅನಿಸಿತೇ? ನಮ್ಮ ತೋಟದ ಹತ್ತು ಎಚ್‌ಪಿ ಮೋಟರುಗಳನ್ನು 500 ಒಟ್ಟಿಗೆ ಓಡಿಸುವಷ್ಟು ಶಕ್ತಿ ಅದು. ಆ ಬಿಸಿಯನ್ನು ಹೊರಗೆ ಸಾಗಿಸದಿದ್ದರೆ ಇಂಧನದ ಕೊಳವೆಗಳು ಕರಗಿ ಹೋಗುತ್ತವೆ.

ನೀರು ಹರಿಸಲು ಪಂಪ್ ಬೇಕು. ಪಂಪಿಗೆ ಕರೆಂಟ್ ಬೇಕು. ರಿಯಾಕ್ಟರ್ ನಿಂತಿದೆ, ಹಾಗಾಗಿ ಸ್ವಂತ ಕರೆಂಟ್ ಇಲ್ಲ. ಹೊರಗಿನ ಲೈನಿನಿಂದ ತರಬೇಕು. ಬಿರುಗಾಳಿಗೋ ಭೂಕಂಪಕ್ಕೋ ಆ ಲೈನೂ ಹೋದರೆ? ಆಗ ಡೀಸೆಲ್ ಇಂಜಿನ್.

ನಮ್ಮ ದೇಶದ ಸ್ಥಾವರಗಳಲ್ಲಿ ಕರೆಂಟನ್ನು ನಾಲ್ಕು ದರ್ಜೆಯಾಗಿ ಜೋಡಿಸಿದ್ದಾರೆ. ಹೊರಗಿನ ಗ್ರಿಡ್ಡಿನದು ಒಂದು ದರ್ಜೆ. ಅದು ಹೋದರೆ ಡೀಸೆಲ್ ಜನರೇಟರಿನದು. ಅದು ಚಾಲೂ ಆಗುವ ತನಕ ಮುಖ್ಯ ಮೀಟರು, ನಿಯಂತ್ರಣ ಸಾಧನಗಳಿಗೆ ಇನ್ವರ್ಟರ್. ಎಲ್ಲದರ ಕೆಳಗೆ ಬ್ಯಾಟರಿ. ನಮ್ಮ ಮನೆಗಳಲ್ಲಿ ಕರೆಂಟ್, ಯುಪಿಎಸ್, ಟಾರ್ಚ್ ಇಟ್ಟುಕೊಂಡಂತೆಯೇ. ಆದರೆ ಬ್ಯಾಟರಿ ದೊಡ್ಡ ಪಂಪುಗಳನ್ನು ಓಡಿಸಲಾರದು. ಆ ಭಾರ ಹೊರಬೇಕಾದ್ದು ಡೀಸೆಲ್ ಇಂಜಿನ್ನೇ.

ಹಳ್ಳಿಗೆ ಹಳೆಯ ನೆಂಟ

ಡೀಸೆಲ್ ಇಂಜಿನ್ ನಮಗೆ ಹೊಸದಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಅದನ್ನು ಓಡಿಸಿ ತೋರಿಸಿದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ನಿನ ಕಂಪನಿಯನ್ನೇ ಕಟ್ಟಿತು. ಕರೆಂಟಿನ ಕಂಬ ಬರುವ ಮೊದಲು ಬಯಲುಸೀಮೆಯ ತೆರೆದ ಬಾವಿಗಳ ಮೇಲೆ, ಹಿಟ್ಟಿನ ಮಿಷನ್‌ಗಳಲ್ಲಿ, ಎಣ್ಣೆ ಗಾಣಗಳಲ್ಲಿ ಟಕಟಕ ಎನ್ನುತ್ತಿದ್ದದ್ದು ಇದೇ ಇಂಜಿನ್. ಹ್ಯಾಂಡಲ್ ಹಾಕಿ ತಿರುಗಿಸಿ, ಉಸಿರು ಕಟ್ಟಿ ಸ್ಟಾರ್ಟ್ ಮಾಡಿದವರು ಈಗಲೂ ನಮ್ಮ ಊರುಗಳಲ್ಲಿದ್ದಾರೆ.

ಅವರನ್ನು ಕೇಳಿದರೆ ಒಂದು ಮಾತು ಹೇಳುತ್ತಾರೆ: ದಿನಾ ಓಡುವ ಇಂಜಿನ್ ಕೆಡುವುದು ಕಡಿಮೆ, ನಿಂತ ಇಂಜಿನ್ನೇ ಕೈ ಕೊಡುವುದು. ಅಣು ಸ್ಥಾವರದ ಇಂಜಿನ್ನಿನ ಕಷ್ಟವೂ ಅದೇ. ಅದು ಲಾರಿಯಂತೆ ದಿನಾ ಓಡುವುದಿಲ್ಲ. ತಿಂಗಳುಗಟ್ಟಲೆ ನಿಂತಿದ್ದು, ಕರೆದ ತಕ್ಷಣ ಎದ್ದು, ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ವೇಗಕ್ಕೆ ಬಂದು, ಸಾವಿರಾರು ಕಿಲೋವಾಟ್ ಹೊರಬೇಕು. ಹ್ಯಾಂಡಲ್ ಹೊಡೆಯಲು ಆಗದಷ್ಟು ದೊಡ್ಡದು. ಟ್ಯಾಂಕಿನಲ್ಲಿ ತುಂಬಿಟ್ಟ ಒತ್ತಡದ ಗಾಳಿಯನ್ನು ಬಿಟ್ಟು ಎಬ್ಬಿಸುತ್ತಾರೆ. ಹೀಗೆ ತಣ್ಣಗಿದ್ದದ್ದನ್ನು ಒಮ್ಮೆಲೇ ದುಡಿಸಿದರೆ ಪ್ರತಿ ಬೋಲ್ಟು, ಪ್ರತಿ ಪಿಸ್ಟನ್ ಮೇಲೂ ಹೊಡೆತ ಬೀಳುತ್ತದೆ. ತಯಾರಿಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದಿದ್ದರೂ ಅದು ಅಲ್ಲೇ ಬಾಯಿ ಬಿಡುತ್ತದೆ.

1983ರಲ್ಲಿ ಮುರಿದ ಶಾಫ್ಟ್

ಈ ಚರಿತ್ರೆಯ ದೊಡ್ಡ ಘಟನೆ ನಡೆದದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್ ದ್ವೀಪದಲ್ಲಿ ಶೋರ್‌ಹ್ಯಾಮ್ ಎಂಬಲ್ಲಿ ಅಣು ಸ್ಥಾವರ ಕಟ್ಟಿದ್ದರು. ಅಲ್ಲಿ ಮೂರು ಡೀಸೆಲ್ ಜನರೇಟರುಗಳು. ಮೂರೂ ಟ್ರಾನ್ಸ್‌ಅಮೆರಿಕ ಡೆಲಾವಲ್ ಎಂಬ ಒಂದೇ ಕಂಪನಿಯವು. ಎಂಟು ಸಿಲಿಂಡರ್, ಒಂದೊಂದಕ್ಕೂ 3,500 ಕಿಲೋವಾಟ್ ಶಕ್ತಿ.

1983ರ ಆಗಸ್ಟ್ 12ರಂದು ಪರೀಕ್ಷೆಗಾಗಿ ಲೋಡ್ ಕೊಟ್ಟು ಓಡಿಸುತ್ತಿದ್ದಾಗ ಒಂದು ಇಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಮುರಿದು ಎರಡಾಯಿತು. ಕ್ರ್ಯಾಂಕ್ ಶಾಫ್ಟ್ ಅಂದರೆ ಇಂಜಿನ್ನಿನ ಬೆನ್ನುಮೂಳೆ. ಮೇಲೆ ಕೆಳಗೆ ಆಡುವ ಪಿಸ್ಟನ್ನುಗಳ ಬಲವನ್ನು ತಿರುಗುವ ಬಲವಾಗಿ ಮಾಡುವುದು ಅದೇ. ಉಳಿದ ಎರಡು ಇಂಜಿನ್ ಬಿಚ್ಚಿ ನೋಡಿದರು. ಅವುಗಳ ಶಾಫ್ಟುಗಳಲ್ಲೂ ಬಿರುಕು!

ಯಾಕೆ ಮುರಿಯಿತು? ಶಾಫ್ಟ್ ತಿರುಗುವಾಗ ಪ್ರತಿ ಸಿಲಿಂಡರಿನ ಹೊಡೆತಕ್ಕೂ ಸ್ವಲ್ಪ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಕಟ್ಟುವ ತಂತಿಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಬಗ್ಗಿಸಿ ನೋಡಿ. ಮೊದಲ ಸಲಕ್ಕೆ ಮುರಿಯುವುದಿಲ್ಲ, ಇಪ್ಪತ್ತನೆಯ ಸಲಕ್ಕೆ ಮುರಿಯುತ್ತದೆ. ಆ ಶಾಫ್ಟಿನ ದಪ್ಪ ಈ ತಿರುಚಾಟ ತಾಳುವಷ್ಟು ಇರಲಿಲ್ಲ. ಕೊನೆಗೆ 11 ಇಂಚಿದ್ದ ಕ್ರ್ಯಾಂಕ್ ಪಿನ್ನಿನ ದಪ್ಪವನ್ನು 12 ಇಂಚು ಮಾಡಿ ಹೊಸ ಶಾಫ್ಟ್ ಹಾಕಿದರು. ಒಂದೇ ಒಂದು ಇಂಚಿನ ವ್ಯತ್ಯಾಸ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತಲೇ ಮೂರು ಇಂಜಿನ್ ಇಟ್ಟಿದ್ದರು. ಆದರೆ ಮೂರೂ ಒಂದೇ ಕಂಪನಿಯ, ಒಂದೇ ನಕ್ಷೆಯ ಇಂಜಿನ್ನುಗಳು. ಒಂದರ ದೋಷ ಮೂರರಲ್ಲೂ ಇತ್ತು. ನಮ್ಮ ಕಡೆ ನುಸಿ ಪೀಡೆ ಬಂದಾಗ ಏನಾಯಿತು ನೆನಪಿದೆಯಲ್ಲ? ನೂರು ಮರ ಇದ್ದವನಿಗೂ ನೂರು ಮರದ ಧೈರ್ಯ ಇರಲಿಲ್ಲ. ಒಂದೇ ರೋಗ ಎಲ್ಲವನ್ನೂ ಹಿಡಿಯುವುದಾದರೆ ಎಣಿಕೆಗೆ ಬೆಲೆ ಇಲ್ಲ.

ಅದೇ ಕಂಪನಿಯ ಇಂಜಿನ್ನುಗಳನ್ನು ಬೇರೆ ಅಣು ಸ್ಥಾವರಗಳೂ ಕೊಂಡಿದ್ದವು. ಮಿಸಿಸಿಪ್ಪಿಯ ಗ್ರ್ಯಾಂಡ್ ಗಲ್ಫ್ ಸ್ಥಾವರದಲ್ಲಿ ಪಿಸ್ಟನ್ ತೊಂದರೆ ಕಂಡಿತ್ತು, ಇಂಧನದ ಪೈಪ್ ಒಡೆದು ಇಂಜಿನ್ನಿಗೆ ಬೆಂಕಿಯೂ ಹತ್ತಿತ್ತು. ಸಿಲಿಂಡರ್ ಹೆಡ್ಡುಗಳಲ್ಲಿ ಬಿರುಕುಗಳು ಕಂಡವು. ಅಮೆರಿಕದ ಅಣು ನಿಯಂತ್ರಣ ಆಯೋಗದವರು ಇಂಜಿನ್ ಕಂಪನಿಯ ಗುಣಮಟ್ಟ ತಪಾಸಣೆಯ ಮೇಲೇ ಅನುಮಾನ ಪಟ್ಟರು. ಇಂಜಿನ್ ಕೊಂಡಿದ್ದ ಸ್ಥಾವರಗಳೆಲ್ಲ ಸೇರಿ ಒಂದು ಕೂಟ ಮಾಡಿಕೊಂಡು, ಇಂಜಿನ್ನುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಭಾಗ ಭಾಗವನ್ನೂ ಪರೀಕ್ಷಿಸಬೇಕಾಯಿತು.

ಶೋರ್‌ಹ್ಯಾಮ್ ಕೊನೆಗೂ ವಾಣಿಜ್ಯ ಉತ್ಪಾದನೆ ಮಾಡಲೇ ಇಲ್ಲ. ಸುಮಾರು 600 ಕೋಟಿ ಡಾಲರ್ ಸುರಿದ ಸ್ಥಾವರವನ್ನು ಸ್ವಲ್ಪ ಪರೀಕ್ಷೆ ನಡೆಸಿ ಮುಚ್ಚಿದರು. ಡೀಸೆಲ್ ಇಂಜಿನ್ನೇ ಅದಕ್ಕೆ ಕಾರಣ ಎಂದರೆ ತಪ್ಪಾಗುತ್ತದೆ. ಅಪಘಾತವಾದರೆ ದ್ವೀಪದ ಜನ ಯಾವ ದಾರಿಯಲ್ಲಿ ಓಡಬೇಕು ಎಂಬ ಪ್ರಶ್ನೆಗೆ ಒಪ್ಪುವ ಉತ್ತರ ಸಿಗಲಿಲ್ಲ, ಅದು ದೊಡ್ಡ ಕಾರಣ. ಆದರೆ ಇಂಜಿನ್ನಿನ ವಿಚಾರಣೆ ಸ್ಥಾವರದ ಪರವಾನಗಿಯನ್ನು ಬಹಳ ಕಾಲ ತಡೆದು ನಿಲ್ಲಿಸಿತು. ಸ್ಥಳೀಯ ಆಡಳಿತವಾದ ಸಫೋಕ್ ಕೌಂಟಿಯೇ ತಜ್ಞರನ್ನು ಇಟ್ಟುಕೊಂಡು ವಿಚಾರಣೆಗೆ ಬಂತು. ಶಾಫ್ಟಿನ ದಪ್ಪ ಎಷ್ಟು, ಪಿಸ್ಟನ್ ಯಾವ ಮಾದರಿ ಎಂದು ಪಾಟೀ ಸವಾಲು ಹಾಕಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಜಿಲ್ಲಾ ಪಂಚಾಯಿತಿ ಕ್ರ್ಯಾಂಕ್ ಶಾಫ್ಟಿನ ನಕ್ಷೆ ಕೇಳಿದ ಹಾಗೆ.

ದೋಷ ಕಂಡರೆ ಹೇಳಲೇಬೇಕು

ಅವರಿಗೆ ಆ ಧೈರ್ಯ ಬರಲು ಕಾನೂನಿನ ಬಲವೂ ಇತ್ತು. ಅಮೆರಿಕದಲ್ಲಿ 1970ರ ದಶಕದಲ್ಲೇ ಒಂದು ನಿಯಮ ಬಂದಿತ್ತು. ಅಣು ಸ್ಥಾವರಕ್ಕೆ ಸುರಕ್ಷತೆಯ ಸಾಮಾನು ಮಾಡಿಕೊಡುವ ಯಾವುದೇ ಕಂಪನಿ ತನ್ನ ಸಾಮಾನಿನಲ್ಲಿ ಅಪಾಯಕಾರಿ ದೋಷ ಇದೆ ಎಂದು ತಿಳಿದರೆ ಅದನ್ನು ನಿಯಂತ್ರಣ ಆಯೋಗಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ ದಂಡ. ಆ ವರದಿಯನ್ನು ಯಾರು ಬೇಕಾದರೂ ಓದಬಹುದು.

ಇದರಿಂದ ಏನು ಪ್ರಯೋಜನ? ಒಂದು ಸ್ಥಾವರದ ಇಂಜಿನ್ನಿನಲ್ಲಿ ಇಂಧನ ಪಂಪಿನ ಒಂದು ಭಾಗ ಕೆಟ್ಟದಾಗಿ ಎರಕವಾಗಿದೆ ಎಂದುಕೊಳ್ಳಿ. ಅದೇ ಬ್ಯಾಚಿನ ಭಾಗ ಇನ್ನೂ ಹತ್ತು ಕಡೆ ಹೋಗಿರುತ್ತದೆ. ಮೊದಲಿನವರು ಬಾಯಿ ಬಿಟ್ಟರೆ ಉಳಿದ ಹತ್ತು ಜನ ತಮ್ಮದನ್ನು ಬಿಚ್ಚಿ ನೋಡುತ್ತಾರೆ. ಬಾಯಿ ಬಿಡದಿದ್ದರೆ ಹತ್ತು ಕಡೆಯೂ ಅದು ಕೆಡುವ ದಿನಕ್ಕಾಗಿ ಕಾಯುತ್ತದೆ. ಅಂಗಡಿಯವನು ಕೊಟ್ಟ ಔಷಧಿಯಿಂದ ಒಬ್ಬರ ತೋಟದ ಗರಿ ಒಣಗಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಉಳಿದವರ ತೋಟ ಉಳಿಯುತ್ತದೆ. ಊರ ಕಟ್ಟೆಯ ಮೇಲೆ ಆಗುವ ಕೆಲಸವನ್ನೇ ಆ ನಿಯಮ ದೇಶದ ಮಟ್ಟದಲ್ಲಿ ಮಾಡಿತು.

ನಮ್ಮಲ್ಲಿ ಏನಾಯಿತು? ಅದಕ್ಕೆ ಉತ್ತರ ಪ್ರದೇಶದ ನರೋರಾಕ್ಕೆ ಹೋಗಬೇಕು.

ನರೋರಾದ ಆ ಬೆಳಗಿನ ಜಾವ

ಗಂಗಾ ನದಿಯ ದಂಡೆಯ ನರೋರಾ ಸ್ಥಾವರದಲ್ಲೂ ಕೈಗಾದ ಮಾದರಿಯವೇ 220 ಮೆಗಾವಾಟ್ ವರ್ಗದ ಘಟಕಗಳು. 1993ರ ಮಾರ್ಚ್ 31ರ ಬೆಳಗಿನ ಜಾವ ಮೊದಲ ಘಟಕದ ಟರ್ಬೈನಿನ ಎರಡು ಬ್ಲೇಡುಗಳು ಮುರಿದು ಹಾರಿದವು. ಅಷ್ಟು ವೇಗದಲ್ಲಿ ತಿರುಗುವ ಯಂತ್ರ ತೂಕ ತಪ್ಪಿದರೆ ಏನಾಗುತ್ತದೆ? ಇಡೀ ಯಂತ್ರ ಅದುರಿತು. ಜನರೇಟರ್ ತಂಪಾಗಿಸುವ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಎಣ್ಣೆಗೂ ತಗುಲಿತು. ಬೆಂಕಿ ಕೇಬಲ್ಲುಗಳ ಮೇಲೆ ಹರಿದು ಹೋಯಿತು.

ರಿಯಾಕ್ಟರನ್ನು ಸಿಬ್ಬಂದಿ ಕೂಡಲೇ ನಿಲ್ಲಿಸಿದರು. ಆದರೆ ಕೆಲವೇ ನಿಮಿಷಗಳಲ್ಲಿ ಸ್ಥಾವರದ ಕರೆಂಟೆಲ್ಲ ಹೋಯಿತು. ಡೀಸೆಲ್ ಜನರೇಟರ್ ಇರಲಿಲ್ಲವೇ? ಇತ್ತು. ಆದರೆ ಅದರ ಕರೆಂಟ್ ಪಂಪಿಗೆ ತಲುಪಬೇಕಾದ ಕೇಬಲ್ಲುಗಳೂ ಅದೇ ದಾರಿಯಲ್ಲಿದ್ದವು. ಮೂಲ ಕೇಬಲ್, ಅದು ಕೆಟ್ಟರೆ ಇರಲಿ ಎಂದು ಹಾಕಿದ ಬದಲಿ ಕೇಬಲ್, ಎರಡನ್ನೂ ನಡುವೆ ಬೆಂಕಿ ತಡೆಯುವ ಗೋಡೆಯಿಲ್ಲದೆ ಒಟ್ಟಿಗೆ ಎಳೆದಿದ್ದರು. ಎರಡೂ ಒಟ್ಟಿಗೆ ಸುಟ್ಟವು. ಸ್ಥಾವರ ಸುಮಾರು 17 ಗಂಟೆ ಕತ್ತಲಲ್ಲಿತ್ತು.

ಆ 17 ಗಂಟೆ ದೇಶವನ್ನು ಉಳಿಸಿದವರು ಅಲ್ಲಿನ ನೌಕರರು. ಹೊಗೆ ತುಂಬಿದ ಕಟ್ಟಡದಲ್ಲಿ ಟಾರ್ಚ್ ಹಿಡಿದು ಮೇಲೆ ಹತ್ತಿದರು. ರಿಯಾಕ್ಟರ್ ಮತ್ತೆ ಚಾಲೂ ಆಗದಂತೆ ಬೋರಾನ್ ದ್ರಾವಣ ಬಿಡುವ ವಾಲ್ವುಗಳನ್ನು ಕೈಯಲ್ಲೇ ತಿರುಗಿಸಿದರು. ಕೆಳಗೆ, ಬೆಂಕಿ ಆರಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳನ್ನು ಚಾಲೂ ಮಾಡಿ ಆ ನೀರನ್ನೇ ಸ್ಟೀಮ್ ಜನರೇಟರುಗಳಿಗೆ ತಿರುಗಿಸಿದರು. ಕರೆಂಟ್ ಹುಟ್ಟಿಸುವ ದೊಡ್ಡ ಡೀಸೆಲ್ ಇಂಜಿನ್ನುಗಳು ಕೈಲಾಗದೆ ನಿಂತಾಗ ನೀರೆತ್ತುವ ಸಣ್ಣ ಡೀಸೆಲ್ ಇಂಜಿನ್ನುಗಳು ಕಾಪಾಡಿದವು. ಬಾವಿಯ ಮೇಲೆ ಪಂಪ್ ಕೂರಿಸಿ ನೇರ ಓಡಿಸುವ ನಮ್ಮ ಹಳೆಯ ಪದ್ಧತಿಯೇ ಅದು. ನಡುವೆ ಕೇಬಲ್ ಇಲ್ಲ, ಸ್ವಿಚ್ ಇಲ್ಲ, ಹಾಗಾಗಿ ಸುಡಲೂ ಏನೂ ಇಲ್ಲ. ವಿಕಿರಣ ಹೊರಗೆ ಸೋರಲಿಲ್ಲ.

ಈಗ ಕೇಳಬೇಕಾದ ಪ್ರಶ್ನೆ. ಬ್ಲೇಡ್ ಮುರಿಯಬಹುದು ಎಂದು ಮೊದಲೇ ಯಾರಿಗಾದರೂ ಗೊತ್ತಿತ್ತೇ?

ಗೊತ್ತಿತ್ತು. ಟರ್ಬೈನ್ ತಯಾರಿಸಿದ್ದು ನಮ್ಮದೇ ಬಿಎಚ್‌ಇಎಲ್, ವಿನ್ಯಾಸದ ಮೂಲ ಜನರಲ್ ಎಲೆಕ್ಟ್ರಿಕ್ ಕಂಪನಿ. ಇಂಥ ಬ್ಲೇಡುಗಳು ಬೇರೆ ದೇಶಗಳಲ್ಲಿ ಬಿರುಕು ಬಿಡುತ್ತಿವೆ ಎಂದು 1989ರಲ್ಲೇ ಜನರಲ್ ಎಲೆಕ್ಟ್ರಿಕ್ ತಿಳಿಸಿತ್ತು. ಬಿಎಚ್‌ಇಎಲ್ ಬದಲಾವಣೆಯ ನಕ್ಷೆಗಳನ್ನೂ ತಯಾರಿಸಿ ಅಣು ವಿದ್ಯುತ್ ನಿಗಮಕ್ಕೆ ಕೊಟ್ಟಿತ್ತು. ಬೆಂಕಿ ಬೀಳುವ ತನಕ ಬ್ಲೇಡ್ ಬದಲಾಗಲಿಲ್ಲ. ಇದನ್ನು ಹೊರಗೆ ಹೇಳಿದವರು 1993ರಿಂದ 1996ರವರೆಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್. ಅವರ ಅವಧಿಯಲ್ಲೇ, 1995ರಲ್ಲಿ, ದೇಶದ ಅಣು ಕೇಂದ್ರಗಳಲ್ಲಿ ಸರಿಪಡಿಸಬೇಕಾದ ಸುಮಾರು 130 ಸುರಕ್ಷತಾ ವಿಷಯಗಳ ಪಟ್ಟಿ ತಯಾರಾಯಿತು.

ಕೇಬಲ್ಲಿನ ಪಾಠವೂ ಹೊಸದಾಗಿರಲಿಲ್ಲ. 1975ರ ಮಾರ್ಚ್ 22ರಂದು ಅಮೆರಿಕದ ಬ್ರೌನ್ಸ್ ಫೆರ್ರಿ ಸ್ಥಾವರದಲ್ಲಿ ಗೋಡೆಯ ಸಂದಿನಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಲು ಕೆಲಸಗಾರರು ಮೇಣದ ಬತ್ತಿ ಹಿಡಿದಿದ್ದರು. ಆ ಬತ್ತಿಯಿಂದ ಬೆಂಕಿ ಹತ್ತಿ ಸುಮಾರು 1,600 ಕೇಬಲ್ ಸುಟ್ಟವು. ಮೂಲ ಕೇಬಲ್ ಮತ್ತು ಬದಲಿ ಕೇಬಲ್ ಒಂದೇ ಕಡೆ ಇರಬಾರದು ಎಂದು ಜಗತ್ತು ಕಲಿತದ್ದು ಆಗ. ನರೋರಾದ ಬೆಂಕಿ ಅದಾಗಿ 18 ವರ್ಷಕ್ಕೆ.

ಕೈಗಾದ ಗುಮ್ಮಟ

ನರೋರಾದ ಬೆಂಕಿಯ ವರ್ಷ ಕೈಗಾ ಇನ್ನೂ ಕಟ್ಟುವ ಹಂತದಲ್ಲಿತ್ತು. ಕಾಮಗಾರಿ ಶುರುವಾದದ್ದು 1989ರಲ್ಲಿ. ಅದೇ ವರ್ಷ ಕೋಟ ಶಿವರಾಮ ಕಾರಂತರು ತಮ್ಮ 87ನೆಯ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೆ ನಿಂತಿದ್ದರು. ಕೈಗಾ ಬೇಡ ಎಂಬುದು ಅವರ ಮಾತು. ಸೋತರು. ಆದರೆ ಕನ್ನಡದ ಹಳ್ಳಿಗಳಲ್ಲಿ ಅಣು ಸ್ಥಾವರದ ಬಗ್ಗೆ ಮಾತು ಹುಟ್ಟಿದ್ದು ಆ ಚಳವಳಿಯಿಂದ.

1994ರ ಮೇ 13ರಂದು ಕೈಗಾದ ಮೊದಲ ಘಟಕದ ರಿಯಾಕ್ಟರ್ ಕಟ್ಟಡದ ಒಳ ಗುಮ್ಮಟದಿಂದ ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟ್ ಕಳಚಿ ಕೆಳಗೆ ಬಿತ್ತು. ಹತ್ತಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಇನ್ನೂ ಯುರೇನಿಯಂ ಒಳಗೆ ಬಂದಿರಲಿಲ್ಲ, ಹಾಗಾಗಿ ವಿಕಿರಣದ ಮಾತೇ ಇರಲಿಲ್ಲ.

ಆ ಗುಮ್ಮಟ ಯಾಕಿರುತ್ತದೆ ಎಂದರೆ ಅದೂ ಒಂದು ಕಾವಲುಗಾರ. ಒಳಗೆ ಎಲ್ಲವೂ ಕೆಟ್ಟು ಇಂಧನ ಕರಗಿದರೂ ವಿಷ ಹೊರಗೆ ಹೋಗದಂತೆ ತಡೆಯುವ ಕೊನೆಯ ಗೋಡೆ. ಡೀಸೆಲ್ ಇಂಜಿನ್ನಿನಂತೆ ಅದಕ್ಕೂ ದಿನನಿತ್ಯದ ಕೆಲಸವಿಲ್ಲ. ಕೆಲಸ ಬರುವುದು ಕೆಟ್ಟ ದಿನ ಮಾತ್ರ.

ಅದು ಕಳಚಿದ ಬಗೆಯನ್ನು ನಮ್ಮ ಜನಕ್ಕೆ ಹೇಳುವುದು ಸುಲಭ. ಉಂಡೆ ಕೊಬ್ಬರಿ ಒಣಗಿದಾಗ ಚಿಪ್ಪಿಗೂ ಕೊಬ್ಬರಿಗೂ ನಡುವೆ ಬಿಟ್ಟುಕೊಳ್ಳುತ್ತದಲ್ಲ, ಹಾಗೆ ಗುಮ್ಮಟದ ಒಳಪದರ ಮೇಲಿನ ಪದರದಿಂದ ಬಿಟ್ಟುಕೊಂಡಿತು. ಇಂಥ ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ತಂತಿಗಳನ್ನು ಹಾಯಿಸಿ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಬಾಗಿದ ಮೈಯಲ್ಲಿ ಬಿಗಿದ ತಂತಿ ಕಾಂಕ್ರೀಟನ್ನು ಪದರ ಪದರವಾಗಿ ಸೀಳಲು ನೋಡುತ್ತದೆ. ಅದನ್ನು ತಡೆಯಲು ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಅಡ್ಡಲಾಗಿ ಸಾಕಷ್ಟು ಕಬ್ಬಿಣ ಹಾಕಿ ಹೊಲಿಗೆ ಹಾಕಿದಂತೆ ಕಟ್ಟಬೇಕು. ಆ ಹೊಲಿಗೆ ಸಾಲದಾಗಿತ್ತು.

ಗುಮ್ಮಟದ ವಿನ್ಯಾಸ ಬದಲಾಯಿತು. ಹೆಚ್ಚು ಬಲದ ಕಾಂಕ್ರೀಟ್ ಬಳಸಿ ಮತ್ತೆ ಕಟ್ಟಿದರು. ವರ್ಷಗಳು ಹಿಡಿದವು. ಮೊದಲ ಘಟಕದ ಸರದಿ ತಪ್ಪಿ ಎರಡನೆಯ ಘಟಕವೇ ಮೊದಲು, 1999ರ ಸೆಪ್ಟೆಂಬರಿನಲ್ಲಿ, ಚಾಲೂ ಆಯಿತು. ಮೊದಲನೆಯದು ಒಂದು ವರ್ಷ ತಡವಾಗಿ, 2000ದ ಸೆಪ್ಟೆಂಬರಿನಲ್ಲಿ.

ಇಷ್ಟೆಲ್ಲ ಆದ ಅದೇ ಮೊದಲ ಘಟಕ ಮುಂದೆ ಏನು ಮಾಡಿತು ಎಂಬುದನ್ನೂ ಹೇಳಬೇಕು. 2016ರ ಮೇ 13ರಂದು ಓಡಲು ಶುರು ಮಾಡಿ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿತು. ಆ ಹೊತ್ತಿಗೆ ಅದು ಜಗತ್ತಿನ ದಾಖಲೆ. ಗುಮ್ಮಟ ಕಳಚಿದ ದಿನದ ತಾರೀಖೂ ಮೇ 13 ಎಂಬುದು ಕಾಕತಾಳೀಯ. ದೋಷ ಕಟ್ಟುವಾಗಲೇ ಬಯಲಾಗಿ, ಬಿಚ್ಚಿ ಸರಿಪಡಿಸಿದರೆ ಯಂತ್ರ ದುಡಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಗುಮ್ಮಟ ಆ ದಿನ ಬೀಳದೆ, ಹತ್ತು ವರ್ಷದ ನಂತರ ಬೇಕಾದ ದಿನ ಬಿದ್ದಿದ್ದರೆ ಎಂದು ಯೋಚಿಸಿದರೆ ಭಯವಾಗುತ್ತದೆ.

ನೀರಿನಲ್ಲಿ ಮುಳುಗಿದ್ದು, ಕರೆದರೂ ಏಳದ್ದು

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ನಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಭೂಕಂಪಕ್ಕೆ ಹೊರಗಿನ ಲೈನ್ ಹೋಯಿತು. ಡೀಸೆಲ್ ಇಂಜಿನ್ನುಗಳು ಎದ್ದವು, ಓಡಿದವು. ಸುಮಾರು ಮುಕ್ಕಾಲು ಗಂಟೆಯ ಮೇಲೆ ಸುನಾಮಿ ಬಂತು. ಅಲ್ಲಿದ್ದ 13 ಡೀಸೆಲ್ ಜನರೇಟರುಗಳಲ್ಲಿ 12 ಕೆಲಸಕ್ಕೆ ಬಾರದೆ ಹೋದವು. ಉಳಿದದ್ದು ಆರನೆಯ ಘಟಕದ ಒಂದು, ನೀರಿನ ಬದಲು ಗಾಳಿಯಿಂದ ತಂಪಾಗುವ ಇಂಜಿನ್. ಆ ಒಂದೇ ಇಂಜಿನ್ ಐದು ಮತ್ತು ಆರನೆಯ ಘಟಕಗಳೆರಡನ್ನೂ ಕಾಪಾಡಿತು. ಒಂದು, ಎರಡು, ಮೂರನೆಯ ಘಟಕಗಳ ಇಂಧನ ಕರಗಿತು.

ಮರುವರ್ಷ, 2012ರ ಫೆಬ್ರವರಿ 9ರಂದು, ದಕ್ಷಿಣ ಕೊರಿಯಾದ ಕೋರಿ ಸ್ಥಾವರದಲ್ಲಿ ಇನ್ನೊಂದು ಬಗೆ. ರಿಪೇರಿ ನಡೆಯುತ್ತಿದ್ದಾಗ ಹೊರಗಿನ ಕರೆಂಟ್ ಹೋಯಿತು. ಒಂದು ಡೀಸೆಲ್ ಇಂಜಿನ್ ರಿಪೇರಿಗೆ ಬಿಚ್ಚಿತ್ತು. ಇನ್ನೊಂದನ್ನು ಕರೆದರೆ ಅದು ಏಳಲಿಲ್ಲ. ಇಂಜಿನ್ ಎಬ್ಬಿಸಲು ಒತ್ತಡದ ಗಾಳಿ ಬಿಡುವ ಕಡೆಯ ಒಂದು ಸಣ್ಣ ವಾಲ್ವ್ ಕೈಕೊಟ್ಟಿತ್ತು. ಸ್ಥಾವರ 12 ನಿಮಿಷ ಕತ್ತಲಲ್ಲಿತ್ತು. ಅನಾಹುತ ಆಗಲಿಲ್ಲ. ಆದರೆ ಅಲ್ಲಿನ ಅಧಿಕಾರಿಗಳು ಈ ವಿಷಯವನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ಮುಚ್ಚಿಟ್ಟರು. ಬಯಲಾದಾಗ ಜನ ಸಿಟ್ಟಾದದ್ದು ವಾಲ್ವಿನ ಮೇಲಲ್ಲ, ಮುಚ್ಚಿಟ್ಟವರ ಮೇಲೆ.

ನಮಗೆ ಉಳಿದ ಪ್ರಶ್ನೆ

ಈ ಕಥೆಗಳಲ್ಲಿ ಒಂದು ಸಾಮಾನ್ಯ ಸಂಗತಿ ಇದೆ. ಲೋಹ ಎಂದಾದರೂ ಬಿರುಕು ಬಿಡುತ್ತದೆ, ಅದು ಲೋಹದ ಗುಣ. ಆದರೆ ಬಿರುಕಿನ ಸುದ್ದಿ ಕಂಡವರಿಂದ ಬೇಕಾದವರಿಗೆ ತಲುಪಿತೇ, ಇಲ್ಲವೇ ಎಂಬುದು ಮನುಷ್ಯರ ಕೈಯಲ್ಲಿದೆ. ಶೋರ್‌ಹ್ಯಾಮಿನಲ್ಲಿ ತಲುಪಿತು, ಮೂರೂ ಇಂಜಿನ್ ಬಿಚ್ಚಿದರು. ನರೋರಾದಲ್ಲಿ ಕಾಗದ ನಾಲ್ಕು ವರ್ಷ ಮೊದಲೇ ಬಂದಿತ್ತು, ಮೇಜಿನ ಮೇಲೇ ಉಳಿಯಿತು.

ನಮ್ಮ ದೇಶದ 1962ರ ಅಣುಶಕ್ತಿ ಕಾಯ್ದೆ ಮಾಹಿತಿ ಹೊರಗೆ ಹೋಗದಂತೆ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. 1983ರಲ್ಲಿ ಹುಟ್ಟಿದ ನಿಯಂತ್ರಣ ಮಂಡಳಿಯೂ ಆ ಕಾಯ್ದೆಯ ಅಡಿಯಲ್ಲೇ ಬಂದದ್ದು. ಭೋಪಾಲದ ಅನಿಲ ದುರಂತದ ನೋವು ಕಂಡ ದೇಶ 2010ರಲ್ಲಿ ಅಣು ಅಪಘಾತದ ಪರಿಹಾರಕ್ಕೆಂದು ಇನ್ನೊಂದು ಕಾಯ್ದೆ ಮಾಡಿತು. ಅದರ 17ನೆಯ ಕಲಮಿನಲ್ಲಿ ಒಂದು ಮಾತು ಇತ್ತು. ಕಣ್ಣಿಗೆ ಕಾಣುವ ಅಥವಾ ಒಳಗೆ ಅಡಗಿದ ದೋಷವಿರುವ ಸಾಮಾನು ಕೊಟ್ಟ ಕಾರಣಕ್ಕೆ ಅಪಘಾತವಾದರೆ, ಪರಿಹಾರ ಕೊಟ್ಟ ಸ್ಥಾವರದವರು ಆ ಸಾಮಾನು ಕೊಟ್ಟ ಕಂಪನಿಯಿಂದ ಹಣ ವಸೂಲಿ ಮಾಡಬಹುದು. ವಿದೇಶಿ ಕಂಪನಿಗಳಿಗೆ ಈ ಮಾತು ಮೊದಲಿನಿಂದಲೂ ಇಷ್ಟವಾಗಿಲ್ಲ. 2025ರ ಫೆಬ್ರವರಿ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಖಾಸಗಿಯವರನ್ನು ಅಣು ವಿದ್ಯುತ್ತಿಗೆ ಕರೆತರಲು ಈ ಎರಡೂ ಕಾಯ್ದೆಗಳನ್ನು ಬದಲಿಸುವುದಾಗಿ ಹೇಳಿತು. ಈ ವಿಷಯದ ಸುದ್ದಿ ಓದುವಾಗ ಎಷ್ಟು ಮೆಗಾವಾಟ್, ಎಷ್ಟು ಕೋಟಿ ಎಂಬುದರ ಜೊತೆಗೆ ಆ ಒಂದು ಕಲಮಿನ ಗತಿ ಏನಾಯಿತು ಎಂದೂ ಹುಡುಕಿ ನೋಡಿ. ಕೆಟ್ಟ ಬೀಜ ಕೊಟ್ಟ ಅಂಗಡಿಯವನು ಹೊಣೆಗಾರನೋ ಅಲ್ಲವೋ ಎಂಬ ಪ್ರಶ್ನೆ ರೈತನಿಗೆ ಬಿಡಿಸಿ ಹೇಳಬೇಕಿಲ್ಲ.

ಕೈಗಾದಲ್ಲಿ ತಲಾ 700 ಮೆಗಾವಾಟಿನ ಐದು ಮತ್ತು ಆರನೆಯ ಘಟಕಗಳ ಯೋಜನೆ ಇದೆ. 2018ರ ಡಿಸೆಂಬರಿನಲ್ಲಿ ಅದರ ಬಗ್ಗೆ ಜನರ ಅಹವಾಲು ಸಭೆ ನಡೆದಿತ್ತು. ಅಂಥ ಸಭೆಗಳಲ್ಲಿ ಬೇಕು ಎನ್ನುವವರೂ ಬೇಡ ಎನ್ನುವವರೂ ಜೋರಾಗಿ ಮಾತಾಡುತ್ತಾರೆ. ಇಬ್ಬರೂ ಸೇರಿ ಕೇಳಬಹುದಾದ ಪ್ರಶ್ನೆಗಳೂ ಇವೆ. ಕಾಯುವ ಇಂಜಿನ್ನುಗಳು ಎಷ್ಟು? ಎಲ್ಲವೂ ಒಂದೇ ಕಂಪನಿಯವೇ? ಅವುಗಳ ಕೇಬಲ್ ಬೇರೆ ಬೇರೆ ದಾರಿಯಲ್ಲಿವೆಯೇ? ಪ್ರವಾಹ ಬಂದರೆ ನೀರು ಮುಟ್ಟದ ಎತ್ತರದಲ್ಲಿವೆಯೇ? ಒಂದು ಬಿಡಿಭಾಗ ಕೆಟ್ಟದ್ದು ಕಂಡರೆ ಅದು ಯಾರಿಗೆ ತಿಳಿಯುತ್ತದೆ, ಎಷ್ಟು ದಿನದಲ್ಲಿ?

ಕಾರವಾರ ದೂರ ಅನಿಸಿದರೆ ನಮ್ಮ ಊರಿನಿಂದಲೇ ಶುರು ಮಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ, ಕುಡಿಯುವ ನೀರಿನ ಘಟಕದಲ್ಲಿ ಜನರೇಟರ್ ಇದ್ದರೆ ಅದನ್ನು ಕೊನೆಯ ಸಲ ಓಡಿಸಿದ್ದು ಯಾವಾಗ ಎಂದು ಗ್ರಾಮಸಭೆಯಲ್ಲೋ ಆಸ್ಪತ್ರೆಯ ಸಮಿತಿಯಲ್ಲೋ ಕೇಳಿ. ಸುಮ್ಮನೆ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡಿದ್ದು ಲೆಕ್ಕಕ್ಕಿಲ್ಲ. ಶೋರ್‌ಹ್ಯಾಮಿನ ಶಾಫ್ಟ್ ಬರೀ ಓಡಿಸಿದಾಗ ಮುರಿಯಲಿಲ್ಲ, ಲೋಡ್ ಕೊಟ್ಟು ಓಡಿಸಿದಾಗ ಮುರಿಯಿತು. ಪರೀಕ್ಷೆಯ ದಿನ ಮುರಿದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದ್ದರಿಂದ ಲೋಡ್ ಕೊಟ್ಟು, ಒಂದು ಗಂಟೆಯಾದರೂ ಓಡಿಸಿ ತೋರಿಸಿ ಎಂದು ಕೇಳಿ. ತಾರೀಖು ಬರೆದ ಪುಸ್ತಕ ತೋರಿಸಿ ಎಂದೂ ಕೇಳಿ.